ನಳಕ್ಕೆ ಕೈಮುಗಿದ ಮನೆ

ಬೆಟಗೇರಿಯಲ್ಲಿ ನಳ ರಿಪೇರಿ ಮಾಡಿಕೊಂಡಿರುವ ನಾನು ನಗಲಿಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ಯಾರಾದರೂ ಕರೆಸಿ ನಗಿಸಿಯೇ ಕಳಿಸುತ್ತಾರೆ. ಅದರಲ್ಲೂ ಒಂದು ಮನೆ ನನಗೆ ಖಾಯಂ. ರಿಟೈರ್ ಆದ ಮಾಸ್ತರು, ಅವರ ಹೆಂಡತಿ, ತಾಯಿ, ಮಗ, ಸೊಸೆ. ಮಾಸ್ತರ ಹೆಂಡತಿಯನ್ನು ನಾನು ಅಕ್ಕಾರು ಎನ್ನುತ್ತೇನೆ.

೧. ಚಹಾ ಮತ್ತು ಉಂಡಿ

ಗದಗ ಹೊಸದಾಗಿ ಜಿಲ್ಲೆಯಾದ ಕಾಲಕ್ಕೆ ನಮಗೆ ನೀರು ವಾರಕ್ಕೊಮ್ಮೆ, ಅದೂ ಅದಕ್ಕೆ ಮನಸ್ಸು ಬಂದರೆ. "ನಳಾ ಬಂತೂ!" ಎಂದು ಒಬ್ಬರು ಕೂಗಿದರೆ ಸಾಕು, ಓಣಿಯೆಲ್ಲ ಕೊಡ ಹಿಡಿದು ಓಡುತ್ತಿತ್ತು. ಅಕ್ಕಾರು ನಳಕ್ಕೆ ಕೈಮುಗಿದೇ ಕೊಡ ಇಡುತ್ತಿದ್ದರು. ಒಮ್ಮೆ ಅದೇ ಹೊತ್ತಿಗೆ ಅವರ ಬಾಗಿಲ ಮುಂದೆ ಹಾಯ್ದೆ.

"ನಿಮ್ಮ ಕಾಲ್ಗುಣ ಮಿಸ್ತ್ರಿ, ಬರ್ರಿ, ಕುಂಡ್ರಿ!" ಎಂದು ಚಹಾ, ಶೇಂಗಾ ಉಂಡಿ ಕೊಟ್ಟರು. ಅಂದಿನಿಂದ ನೀರು ಬಿಡುವ ಹೊತ್ತು ಕೇಳಿಕೊಂಡೇ ಆ ಓಣಿಗೆ ಕಾಲಿಡುತ್ತಿದ್ದೆ.

೨. ತಡವಾದ ಬಿಸಿನೀರು

ಮುಂದೆ ಆ ಓಣಿಗೆ ದಿನವಿಡೀ ನೀರು ಬರತೊಡಗಿತು. ಮಾಳಿಗೆಯ ಮೇಲೆ ಟಾಕಿ, ಸೋಲಾರ್, ಬಚ್ಚಲಲ್ಲಿ ಷವರ್. ಅಕ್ಕಾರಿಂದ ಫೋನು: "ಜಲ್ದಿ ಬರ್ರಿ, ಷವರ್ ಕೆಟ್ಟೈತಿ!" ಬಿಸಿಲಲ್ಲಿ ಸೈಕಲ್ ತುಳಿದು ಹೋದರೆ ನೀರು ಧೋ ಎಂದು ಸುರಿಯುತ್ತಿದೆ.

"ಏನಾಗೇತ್ರಿ ಅಕ್ಕಾರ?"

"ಬಿಸಿನೀರು ಬರೂದು ತಡಾ ಆಗತೈತಿ. ಅಲ್ಲೀ ತನಕಾ ನಡಗಕೋತ ನಿಂದ್ರಬೇಕೇನು?"

ನನಗೆ ಮೈಯೆಲ್ಲ ಉರಿಯಿತು. "ಮೊದ್ಲ ಒಲಿ ಮುಂದ ಊದಕೋತ ಕುಂಡ್ರತಿದ್ರೆಲ್ರಿ?"

"ಆವಾಗ ಬೆಚ್ಚಗರ ಇರತಿತ್ತು ಬಿಡ್ರಿ!"

ಅವತ್ತು ಚಹಾ ಬರಲಿಲ್ಲ.

೩. ಹಳೇ ನೀರು

ಮಾಸ್ತರ ತಾಯಿ, ಅಂದರೆ ಅಜ್ಜಿಗೆ ಮಾತ್ರ ನಳದ ಮೇಲೆ ನಂಬಿಕೆಯಿಲ್ಲ. ಹಂಡೆ, ಕೊಡ ಎಲ್ಲ ತುಂಬಿಡುವಳು. ಹೊಸ ನೀರು ಬಂದರೆ ಹಳೆಯದನ್ನು ಚೆಲ್ಲುವುದು ನಮ್ಮ ಕಡೆಯ ರೂಢಿ. ಈಗ ನೀರು ದಿನಾ ಹೊಸದೇ. ಹಾಗಾಗಿ ಅಜ್ಜಿ ದಿನಾ ಬೆಳಗ್ಗೆ ಎಲ್ಲ ಚೆಲ್ಲಿ ಮತ್ತೆ ತುಂಬುತ್ತಿದ್ದಳು.

"ನಿನ್ನೀ ನೀರಿಗೆ ಏನಾಗೇತ್ರಿ ಅಜ್ಜಿ?"

"ಹಳೇದಾತಪಾ."

"ನೀವೂ ಹಳಬರ ಅಲ್ರಿ?"

"ಹೌದು, ಆದ್ರ ನನ್ನ ಚೆಲ್ಲಾಕ ಬರೂದಿಲ್ಲಲ್ಲ!"

೪. ಕಿವಿಯಲ್ಲಿ ಬಿದ್ದ ಮಾತು

ಸೊಸೆ ಹೆಣ್ಣು ಹೆತ್ತಳು. ಹರ್ತಿ ಹಳ್ಳಿಯ ತವರಿನಲ್ಲಿ ಜಾಗ ಸಾಲದೆಂದು ಹೆಸರಿಡುವ ಕಾರ್ಯ ಇಲ್ಲೇ ಇಟ್ಟುಕೊಂಡರು. ಅಂದೇ ಬೆಳಗ್ಗೆ ಓಣಿಯ ದೊಡ್ಡ ಪೈಪು ಒಡೆಯಿತು. ಟಾಕಿಯ ತಳ ಕಂಡಿತು. ಮಂದಿ ಬಂದು ಕೂತಿದ್ದಾರೆ, ಅನ್ನಕ್ಕೆ ಎಸರಿಗೂ ನೀರಿಲ್ಲ. ಎಲ್ಲರೂ ಅಜ್ಜಿಯ ಹಂಡೆಯ ಕಡೆ ಓಡಿದರು. ಹಂಡೆ ಬೋರಲು! ಅಜ್ಜಿ ಆಗತಾನೆ ಹಳೇ ನೀರು ಚೆಲ್ಲಿ ಹೊಸದಕ್ಕೆ ಕಾಯುತ್ತಿದ್ದಳು.

"ಮರ್ಯಾದಿ ಹೋಗತೈತ್ರಿ ಮಿಸ್ತ್ರಿ," ಎಂದ ಅಕ್ಕಾರು ಫೋನಿನಲ್ಲಿ ಅಳುವುದೊಂದೇ ಬಾಕಿ. ಪಾಪ ಅನ್ನಿಸಿತು. ಪೈಪು ಸರಿಮಾಡುವವರ ಜೊತೆ ನಾನೂ ತಗ್ಗಿಗೆ ಇಳಿದೆ. ಮುಗಿದ ಕೂಡಲೇ ಕೆಸರುಗಾಲಲ್ಲೇ ಅವರ ಮನೆಗೆ ಓಡಿ ಅಂಗಳದ ನಳ ತಿರುಗಿಸಿದೆ.

ಒಳಗೆ ತೊಟ್ಟಿಲ ಹೊತ್ತು. ಮುಂಡರಗಿಗೆ ಕೊಟ್ಟ ಮಾಸ್ತರ ಮಗಳು, ಕೂಸಿನ ಸೋದರತ್ತೆ, ಕಿವಿಯಲ್ಲಿ ಹೆಸರು ಹೇಳಬೇಕು. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅವಳು ಬಾಗಿದಳು, ಗುದ್ದುಗಳು ಬಿದ್ದವು, ಅಷ್ಟರಲ್ಲಿ ನಳ ಕೆಮ್ಮಿ ಭರ್ರೆಂದಿತು. ಅವಳು ಕೂಸಿನ ಕಿವಿಯಲ್ಲೇ ಕೂಗಿಬಿಟ್ಟಳು:

"ನಳಾ ಬಂತೂ!"

ಅಕ್ಕಾರು ಓಡಿಬಂದು ನಳಕ್ಕೆ ಕೈಮುಗಿದರು. ಎಷ್ಟೋ ವರ್ಷದ ಮೇಲೆ ಅದನ್ನು ನೋಡಿ ನನಗೂ ಕಣ್ಣು ತುಂಬಿತು. ಚಂದದ ಹೆಸರು ಹುಡುಕಿಟ್ಟಿದ್ದ ಮಾಸ್ತರ ಮಗ ಮುಂಡರಗಿಯ ಅಕ್ಕನಿಗೆ, "ಅಕ್ಕಾ, ಇನ್ನೊಮ್ಮಿ ಹೇಳು," ಎಂದು ಗೋಗರೆದ. ಅಜ್ಜಿ ಬಿಡಲಿಲ್ಲ.

"ಕಿವ್ಯಾಗ ಮೊದ್ಲ ಬಿದ್ದದ್ದ ಹೆಸರು!"

ಶಾಲೆಯಲ್ಲಿ ಹುಡುಗಿಗೆ ಬೇರೆ ಹೆಸರಿದೆ, ಮನೆಯಲ್ಲಿ ಮಾತ್ರ ಅವಳು ನಳಾ. ನನ್ನ ಚಹಾ, ಉಂಡಿ ಮತ್ತೆ ಶುರುವಾಗಿವೆ. ಸಂಜೆ ಅವಳು ಶಾಲೆಯಿಂದ ಬಂದದ್ದನ್ನು ಕಂಡ ಕೂಡಲೇ ಅಜ್ಜಿ ಕಟ್ಟೆಯ ಮೇಲಿಂದ ಖುಷಿಯಾಗಿ ಕೂಗುತ್ತಾಳೆ: "ನಳಾ ಬಂತೂ!" ಇನ್ನೂ ವಾರಕ್ಕೊಮ್ಮೆ ನೀರು ಬರುವ ಬೇರೆ ಓಣಿಯಿಂದ ಹೊಸದಾಗಿ ಬಾಡಿಗೆಗೆ ಬಂದವರು ಕೊಡ ಹಿಡಿದು ಹೊರಗೆ ಓಡಿಬರುತ್ತಾರೆ.