ಟೈಲರಣ್ಣನ ಕಳ್ಳ ಬಿಪಿ

ತನ್ನ ಬಿಪಿಗೆ ಹೆಂಡತಿಯ ಬಾಯಿಯೇ ಕಾರಣ ಎಂಬುದರಲ್ಲಿ ಟೈಲರಣ್ಣನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸಾಕ್ಷಿಯೊಂದು ಸಿಕ್ಕಿರಲಿಲ್ಲ, ಅಷ್ಟೇ. ಆರು ವರ್ಷದಿಂದ ಮಾತ್ರೆ ನುಂಗುತ್ತಿದ್ದ. ಕ್ಲಿನಿಕ್ಕಿಗೆ ಹೋದಾಗಲೆಲ್ಲ ನೂರಿಪ್ಪತ್ತು, ಎಂಬತ್ತು. ಆ ಚೀಟಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸಾದವನ ಹಾಗೆ ತಂದು ಹೆಂಡತಿಯ ಮುಂದೆ ಹಿಡಿಯುತ್ತಿದ್ದ.

ಈ ಸಲ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಷ್ಟರಲ್ಲೇ ಏದುಸಿರು. ಡಾಕ್ಟರಮ್ಮ ಹೃದಯದ ಸ್ಕ್ಯಾನ್ ಮಾಡಿಸಿ, ರಿಪೋರ್ಟನ್ನು ಎರಡೆರಡು ಸಲ ಓದಿದರು.

"ಹೃದಯದ ಎಡಗಡೆ ಗೋಡೆ ದಪ್ಪ ಆಗಿದೆ. ಬಿಪಿ ಹತೋಟಿಯಲ್ಲಿದ್ದಿದ್ರೆ ಹೀಗಾಗ್ತಿರಲಿಲ್ಲ. ನಿಮ್ಮ ಬಿಪಿ ನನ್ನ ಮುಂದೆ ಮಾತ್ರ ಕೈಕಟ್ಟಿ ನಿಂತಿರುತ್ತೆ ಅನ್ನಿಸುತ್ತೆ."

ತೋಳಿಗೊಂದು ಪಟ್ಟಿ, ಸೊಂಟಕ್ಕೊಂದು ಡಬ್ಬಿ ಕಟ್ಟಿದರು. ಒಂದು ದಿನ ಪೂರ್ತಿ ಅರ್ಧ ಗಂಟೆಗೊಮ್ಮೆ ಅದು ತಾನಾಗಿ ಬಿಪಿ ನೋಡುತ್ತದೆ. ಆಗ ಏನು ಮಾಡುತ್ತಿದ್ದೆ ಎಂದು ಇವನು ಬರೆದಿಡಬೇಕು. (ಊರಿಗೆಲ್ಲ ಅಳತೆ ತೆಗೆದವನ ಅಳತೆಯನ್ನು ಈಗ ಡಬ್ಬಿ ತೆಗೆಯತೊಡಗಿತು.)

ಹೆದರಿಕೆಯಾಯಿತು ನಿಜ, ಆದರೆ ಒಳಗೊಳಗೇ ಖುಷಿಯೂ ಆಯಿತು. ಪಟ್ಟಿ ಬಿಗಿಯುವ ಹೊತ್ತಿಗೆ ಸರಿಯಾಗಿ ಹೆಂಡತಿ ಬೈಯುತ್ತಿದ್ದರೆ ಆಯಿತು, ಕೇಸು ಗೆದ್ದಂತೆ. ಮರುದಿನ ಬೆಳಿಗ್ಗೆ ಗಡಿಯಾರ ನೋಡಿಕೊಂಡು ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದ.

"ಏನ್ರೀ ಇದು, ಹಾಸಿಗೆ ಏನು ಬಚ್ಚಲಾ? ನಿಮಗೆ ಬುದ್ಧಿ ಬರೋದು ಯಾವಾಗ?" ಎಂದು ಆಕೆ ಶುರುಮಾಡುವುದಕ್ಕೂ ಪಟ್ಟಿ ಬಿಗಿಯುವುದಕ್ಕೂ ಸರಿಹೋಯಿತು. ಅವನು ಅಲುಗಾಡದೆ ಕೂತು ಬರೆದ: 'ಎಂಟೂವರೆ. ಧರ್ಮಪತ್ನಿಯ ವಾಗ್ಬಾಣ.'

ಅಂಗಡಿಯ ಹಿಂದೆ ಗೋಡೆ ಮರೆಯಲ್ಲಿ ನಿಂತು ಸಿಗರೇಟು ಸೇದಿದ ಹೊತ್ತಿಗೆಲ್ಲ 'ವಿಶ್ರಾಂತಿ' ಎಂದು ಬರೆದ. (ಸಿಗರೇಟು ಬಿಟ್ಟು ನಾಲ್ಕು ವರ್ಷವಾಯಿತೆಂದು ಮನೆಯಲ್ಲೂ ಕ್ಲಿನಿಕ್ಕಿನಲ್ಲೂ ಹೇಳಿದ್ದ.)

ತೀರ್ಪು ಕೇಳಲು ಹೆಂಡತಿಯನ್ನೂ ಕರೆದುಕೊಂಡೇ ಹೋದ.

"ವಾಗ್ಬಾಣದ ಹೊತ್ತಿಗೆ ನೂರ ಹದಿನೆಂಟು," ಎಂದರು ಡಾಕ್ಟರಮ್ಮ. "ಹಗಲಿನಲ್ಲೆಲ್ಲ ಇದೇ ಕಡಿಮೆ. ವಿಶ್ರಾಂತಿ ಐದು ಸಲ. ಐದು ಸಲವೂ ನೂರ ಎಪ್ಪತ್ತರ ಮೇಲೆ. ಎಂಥ ವಿಶ್ರಾಂತಿ ಇದು?"

ಟೈಲರಣ್ಣ ಸೀಲಿಂಗ್ ಫ್ಯಾನ್ ನೋಡಿದ. ಹೆಂಡತಿ ಬಗ್ಗಿ ಅವನ ಕಾಲರ್ ಮೂಸಿದಳು.

"ಇವರ ವಿಶ್ರಾಂತಿಗೆ ಬೆಂಕಿಕಡ್ಡಿ ಬೇಕು, ಡಾಕ್ಟ್ರೇ."

ಡಾಕ್ಟರಮ್ಮ ನಗಲಿಲ್ಲ. "ಈಗಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಇನ್ನೆರಡು ವರ್ಷ ಹೀಗೇ ಬಿಟ್ಟಿದ್ರೆ ಹೃದಯ ಸೋತುಹೋಗ್ತಿತ್ತು," ಎಂದು ಮಾತ್ರೆ ಬದಲಿಸಿ, ಬಿಪಿ ಮೆಷಿನ್ನೊಂದನ್ನು ಕೊಂಡು ಮನೆಯಲ್ಲೇ ದಿನಾ ನೋಡಿಕೊಳ್ಳಲು ಹೇಳಿದರು. ಜೇಬಿನ ಪ್ಯಾಕೆಟ್ಟು ಅಲ್ಲೇ ಕಸದ ಬುಟ್ಟಿ ಸೇರಿತು.

ದಾರಿಯಲ್ಲಿ ಹೆಂಡತಿಯ ಕಣ್ಣು ಕೆಂಪಗಿತ್ತು. "ಸಿಗರೇಟಿನ ಸುಳ್ಳು ಹಾಗಿರಲಿ. ನಾನು ಬೈಯುವಾಗ ನೂರ ಹದಿನೆಂಟಾ? ಅಂದ್ರೆ ಇಷ್ಟು ವರ್ಷ ಒಂದಕ್ಷರಾನೂ ಕಿವಿಗೆ ಹಾಕ್ಕೊಂಡಿಲ್ಲ ನೀವು."

ಅಲ್ಲಿಗೆ ಬಾಯಿ ಮುಚ್ಚಿದವಳು ಮೂರು ದಿನ ತೆರೆಯಲಿಲ್ಲ. ಮನೆಯಲ್ಲಿ ತಟ್ಟೆ ಇಟ್ಟ ಸದ್ದು ಮಾತ್ರ. ಸಿಗರೇಟಿಲ್ಲ, ಹೊಸ ಮಾತ್ರೆ ಬೇರೆ. ಆದರೂ ನಾಲ್ಕನೇ ದಿನ ಬೆಳಿಗ್ಗೆ ನೂರ ಅರವತ್ತು. ತರಕಾರಿ ಹೆಚ್ಚುತ್ತಿದ್ದವಳ ಎದುರು ಹೋಗಿ ಕೂತ.

"ಏನಾದ್ರೂ ಒಂದು ಅನ್ನೇ. ಈ ಮೌನ ನನ್ನ ಕೈಲಿ ಆಗಲ್ಲ."

"ಪೂರ್ತಿ ಕೇಳಿಸ್ಕೋತೀರಾ?"

"ಒಂದಕ್ಷರ ಬಿಡದೆ."

ಆಕೆ ಚಾಕು ಕೆಳಗಿಟ್ಟು, ಅವನ ತೋಳಿಗೆ ಪಟ್ಟಿ ಸುತ್ತಿ, ಮದುವೆಯಾದ ದಿನದಿಂದ ಆರಂಭಿಸಿದಳು. ನಡುನಡುವೆ "ಈಗೇನಂದೆ, ಹೇಳಿ" ಎಂದು ಪರೀಕ್ಷೆ ಬೇರೆ. ಅರ್ಧ ಗಂಟೆಯ ಮೇಲೆ ಗುಂಡಿ ಒತ್ತಿದಳು. ನೂರ ಎಪ್ಪತ್ತೆಂಟು.

"ಹೂಂ, ಈಗ ಕೇಳಿಸಿದೆ," ಎಂದು ಅವನ ಅಂಗೈಗೆ ಮಾತ್ರೆ ಹಾಕಿ, ಮೂರು ದಿನದಲ್ಲಿ ಮೊದಲ ಸಲ ನಕ್ಕಳು.