ಕಂಬಿ ಸಂದಿನ ದಪ್ಪ ಮನುಷ್ಯರು

ದೆವ್ವವೆಂದರೆ ಹೊಟ್ಟೆಗಿಲ್ಲದೆ ಸೊರಗಿ, ಉದ್ದಕ್ಕೆ, ತೆಳ್ಳಗೆ ಇರುತ್ತದೆ ಅಂತ ಜನ ನಂಬಿದ್ದಾರೆ. ಶುದ್ಧ ಸುಳ್ಳು. ಅಡ್ಯಾರಿನ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಕಾಣಿಸಿಕೊಳ್ಳುವವರಿಗೆಲ್ಲ ಒಳ್ಳೆಯ ಹೊಟ್ಟೆಯಿದೆ. ಅವರನ್ನು ಕರೆತಂದವನು ನಾನೇ, ಅದೂ ಒಂದು ರಟ್ಟು, ಒಂದು ಪೆನ್ಸಿಲ್ಲಿನಿಂದ.

ವಿಮೆ ಕಚೇರಿಯಿಂದ ನಿವೃತ್ತನಾದ ಮೇಲೆ ನನಗೆ ಕಲಾವಿದನಾಗುವ ಚಪಲ ಹತ್ತಿತು. ಮೆಟ್ಟಿಲಿನ ತುಕ್ಕು ಹಿಡಿದ ಕಟಾಂಜನ ಕೀಳಿಸಿ, ಲೇತಿನಲ್ಲಿ ಕಡೆದ ಮರದ ಕಂಬಿ ಹಾಕಿಸಲು ಹೊರಟೆ. ಮಾಧವರಂ ಕಡೆಯ ಮರ ಕಡೆಯುವವರು ಸಿದ್ಧ ಮಾದರಿಗಳನ್ನು ತೋರಿಸಿದರು. ನನಗೆ ಯಾವುದೂ ಹಿಡಿಸಲಿಲ್ಲ. ಹಾಗಾದರೆ ಕಂಬಿಯ ಅರ್ಧ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಕೊಡಿ ಎಂದರು. ಕೊಟ್ಟೆ. ಬುಡದಲ್ಲಿ ಚೌಕ, ನಡುವೆ ಬಳುಕುವ ಸೊಂಟ, ಅದರ ಮೇಲೊಂದು ಉಬ್ಬು, ಮತ್ತೆ ಸಪೂರ, ತುದಿಗೆ ಚೌಕ. ನನ್ನ ಹೆಂಡತಿ ಸರೋಜ ನೋಡಿ, "ಯಾಕ್ರೀ ಹೀಗೆ ಸೊರಗಿಸಿದ್ದೀರಿ, ಪಥ್ಯದಲ್ಲಿರೋ ಬಾಣಂತಿ ಹಾಗೆ?" ಎಂದಳು. ಕಲೆ ಗೊತ್ತಿಲ್ಲದವರ ಮಾತಿಗೆ ನಾನು ಕಿವಿಗೊಡಲಿಲ್ಲ. ಬುಡದ ಚೌಕಗಳ ನಡುವೆ ಅಂಗೈ ಅಗಲ ಸಂದು ಬಿಡಿಸಿದೆ, ಮಗುವಿನ ತಲೆ ತೂರದಿರಲಿ ಎಂದು. ಕಂಬಿ ಸೊಂಟದಲ್ಲಿ ಕಳೆದುಕೊಂಡಿದ್ದನ್ನೆಲ್ಲ ಸಂದು ಗಳಿಸಿಕೊಳ್ಳುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ.

ಕೂರಿಸಿದ ದಿನ ಸಂಜೆ, ಪಶ್ಚಿಮದ ಕಿಟಕಿಯ ಬಿಸಿಲು ಕಟಾಂಜನವನ್ನು ಹಾದು ಗೋಡೆಗೆ ಬಿತ್ತು. ಕಂಬಿಗಳು ನೆರಳಾದವು, ಸಂದುಗಳು ಬೆಳಕಿನ ಮನುಷ್ಯರಾದವು. ಗುಂಡು ತಲೆ, ಗಿಡ್ಡ ಕುತ್ತಿಗೆ, ಡೊಳ್ಳು ಹೊಟ್ಟೆ, ಸಣ್ಣ ಕಾಲು. ಒಬ್ಬರ ಹಿಂದೊಬ್ಬರು ಮೆಟ್ಟಿಲೇರುತ್ತಿದ್ದರು. ಸೂರ್ಯ ಇಳಿದಷ್ಟೂ ಅವರು ಗೋಡೆ ಹತ್ತಿದರು. ಕೊನೆಗೆ ಚಾವಣಿಗೆ ತಲೆ ತಾಗಿ, ಕತ್ತು ಬಗ್ಗಿಸಿ ನಮ್ಮನ್ನೇ ನೋಡಿದರು. ಕಣ್ಣಿಲ್ಲದೆ ನೋಡುವುದು ಹೇಗೆ ಎನ್ನಬೇಡಿ, ನೋಡಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸರೋಜ ಮಾತ್ರ, "ರೀ, ಇದು ನೀವೇ ಅಲ್ವಾ? ಸ್ನಾನಕ್ಕೆ ಹೋಗುವಾಗ ಥೇಟ್ ಹೀಗೇ ಕಾಣ್ತೀರಿ" ಎಂದಳು.

ಮಗಳು ಆಫೀಸಿಗೆ ಹೋಗುವಾಗ ನಮ್ಮಲ್ಲಿ ಬಿಟ್ಟುಹೋಗುವ ಮೊಮ್ಮಗಳು ನಿಧಿಗೆ ಇನ್ನೂ ಮೂರು ತುಂಬಿಲ್ಲ. ಕನ್ನಡವೆಲ್ಲ ಅವಳ ಕಿವಿಯಲ್ಲಿ, ನಾಲಿಗೆ ಪೂರ್ತಿ ಈ ಊರಿನ ತಮಿಳು. ಅವಳು ಮೇಲಿನ ಮೆಟ್ಟಿಲಲ್ಲಿ ಸಂದಿನ ಮುಂದೆ ಕೂತು ಅವರೊಡನೆ ಹರಟತೊಡಗಿದಳು. ಒಂದು ದಿನ, "ತಾತಾ ಉಳ್ಳೆ ಕೂಪ್ಪಿಡ್ರಾರು" ಎಂದಳು. ತಾತ ಒಳಗೆ ಕರೆಯುತ್ತಿದ್ದಾನಂತೆ. ನಾನೋ ಅವಳ ಹಿಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನೋಡನೋಡುತ್ತಲೇ ಅವಳ ತಲೆ ಸೊಂಟದ ಸಂದಿನಲ್ಲಿ ತೂರಿತು, ನಾನು ಬಗ್ಗುವಷ್ಟರಲ್ಲಿ ಭುಜವೂ ಹೊರಟಿತು. ಕೆಳಗೆ ಕಲ್ಲುನೆಲ. ಸರೋಜ ಓಡಿಬಂದು ಫ್ರಾಕು ಹಿಡಿದೆಳೆಯದಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆಯಲಾರೆ.

ಮರುದಿನವೇ ಬಡಗಿ ಬಂದ. ಪ್ರತಿ ಸಂದಿನ ನಡುವೆಯೂ ಒಂದೊಂದು ನೇರ ಕೋಲು ಹೊಡೆಯತೊಡಗಿದ. ಪ್ರತಿ ಏಟಿಗೂ ನಿಧಿ, "ತಾತಾಕ್ಕು ವಲಿಕ್ಕುದು" ಎಂದು ಬಿಕ್ಕಿದಳು. ತಾತನಿಗೆ ನೋಯುತ್ತಿದ್ದದ್ದೇನೋ ನಿಜ. ಹೊಟ್ಟೆಯಲ್ಲಿ ಯಾರೋ ಗೂಟ ಜಡಿದ ಹಾಗಾಗುತ್ತಿತ್ತು. ಬೆಳಗಿನ ಬೋಂಡದ ಮೇಲೆ ತಪ್ಪು ಹೊರಿಸಿ ಮಲಗಿದೆ. ಕೊನೆಗೆ ಒಂದು ಕೋಲು ಕಡಿಮೆ ಬಿದ್ದು, ಎಲ್ಲಕ್ಕಿಂತ ಮೇಲಿನ ಸಂದು ಹಾಗೇ ಉಳಿಯಿತು. "ನಾಳೈಕ್ಕು ಕೊಂಡಾರೇನ್ ಸಾರ್", ನಾಳೆ ತರುತ್ತೇನೆ ಎಂದು ಹೋದ ಬಡಗಿಯ ನಾಳೆ ಇನ್ನೂ ಬಂದಿಲ್ಲ.

ಅಲ್ಲಿಯವರೆಗೆ ಮಗು ಇರುವಷ್ಟು ಹೊತ್ತೂ ಆ ಸಂದಿಗೆ ಬೆನ್ನು ಒತ್ತಿ ಕೂರುವುದು ನನ್ನ ಕೆಲಸ. ನಿನ್ನೆ ಸಂಜೆ ಮಗಳು ಬಂದು ನಿಧಿಯನ್ನು ಎತ್ತಿಕೊಂಡಳು. ನಿಧಿ ಬಾಗಿಲಿನಿಂದ ಮೇಲೆ ನೋಡಿ ಟಾಟಾ ಮಾಡಿದಳು. ನಾನೂ ಸಂತೋಷದಿಂದ ಕೈಯೆತ್ತಿದೆ. ಅವಳು ತಲೆಯಾಡಿಸಿ, "ಉನಕ್ಕಿಲ್ಲೆ" ಎಂದಳು, ನಿನಗಲ್ಲ ಅಂತ. ಅವಳ ಕಣ್ಣು ನನ್ನ ಭುಜದ ಆಚೆಗಿತ್ತು.

ಬೆನ್ನ ಹಿಂದೆ ಯಾರೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ತಿರುಗಿ ನೋಡದೆ, ಮೆಲ್ಲಗೆ ಎದ್ದು, ಅವನಿಗೆ ಜಾಗ ಬಿಟ್ಟುಕೊಟ್ಟೆ.