ಹಗೇವಿನೊಳಗಿನ ಗಿಟಾರ್

ನನ್ನ ಹೆಂಡತಿಯ ತಮ್ಮನಿಗೆ ಗಿಟಾರ್ ಬಾರಿಸಲು ಬರುವುದಿಲ್ಲ. ಇದು ನನ್ನ ದೂರಲ್ಲ, ಅವನೇ ಒಪ್ಪಿಕೊಂಡ ಮಾತು. “ಮಾವಾರ, ನನಗ ಬಾರಸಾಕ ಅಷ್ಟ ಬರಂಗಿಲ್ಲರೀ. ದನಿ ಹದಾ ಮಾಡಾಕ ಬರತೈತಿ” ಎನ್ನುತ್ತಾನೆ. ಅಡುಗೆ ಬಾರದವನು ಒಗ್ಗರಣೆಗೆ ಮಾತ್ರ ಹೆಸರಾದ ಹಾಗೆ!

ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ರಸ ಪರೀಕ್ಷಿಸುವ ನೌಕರಿ ಅವನದು. ರಜೆ ಸಿಕ್ಕಿದರೆ ಎಲೆಕ್ಟ್ರಿಕ್ ಗಿಟಾರ್, ಸ್ಪೀಕರ್ ಪೆಟ್ಟಿಗೆ, ಹಳೆಯ ಕಂಪ್ಯೂಟರ್ ಸಮೇತ ಬನಹಟ್ಟಿಯ ನಮ್ಮ ಮನೆಗೆ ಬಂದುಬಿಡುತ್ತಾನೆ. ಐದಕ್ಕೆ ಎದ್ದು, ಏಳಕ್ಕೆ ಪೇಪರ್ ಓದಿ, ಎಂಟಕ್ಕೆ ಸರಿಯಾಗಿ ತಿಂಡಿಗೆ ಕೂರುವ ನನ್ನಂಥ ನಿವೃತ್ತ ಮಾಸ್ತರನ ಮನೆಯೇ ಬೇಕಿತ್ತೇ? ಬೇಕಿತ್ತು. ಏಕೆಂದರೆ ಅವನ ಅಕ್ಕ ಇರುವುದು ಇಲ್ಲಿ.

ಇಪ್ಪತ್ತೈದು ವರ್ಷ ಹಿತ್ತಲಲ್ಲಿ ಪವರ್‌ಲೂಮ್ ನಡೆಸಿ ನನ್ನ ಹೆಂಡತಿಯ ಕಿವಿ ಸೋತಿವೆ. ಸಣ್ಣ ದನಿಗಳು ಹೋಗಿವೆ, ದಪ್ಪ ದನಿಗಳು ಒಂದಿಷ್ಟು ಉಳಿದಿವೆ, ಅವೂ ಬಹಳ ಕಾಲ ನಿಲ್ಲಲಾರವು ಎಂದರು ಡಾಕ್ಟರು. ಅಂದಿನಿಂದ ಇವನಿಗೆ ಒಂದೇ ಹಟ. ಚಿಕ್ಕವನಿದ್ದಾಗ ತನ್ನನ್ನು ತೂಗುತ್ತ ಅಕ್ಕ ಹಾಡುತ್ತಿದ್ದ ಜೋಗುಳವನ್ನು, ಆ ಕಿವಿ ಪೂರ್ತಿ ಮುಚ್ಚುವ ಮೊದಲು, ಅವಳಿಗೆ ಒಮ್ಮೆ ಕೇಳಿಸಬೇಕು.

ನಮ್ಮೂರಲ್ಲಿ ರೆಕಾರ್ಡಿಂಗ್ ಸುಲಭವೇ? ಕರೆಂಟ್ ಇದ್ದರೆ ಓಣಿಯ ಮಗ್ಗಗಳೆಲ್ಲ ಖಟಖಟ. ಕರೆಂಟ್ ಹೋದರೆ ಮಗ್ಗವೂ ಗಪ್, ಗಿಟಾರೂ ಗಪ್! ಕೊನೆಗೆ ಮಗ್ಗಗಳಿಗೆ ರಜೆಯಿರುವ ಅಮಾವಾಸ್ಯೆಯನ್ನೇ ಹಿಡಿದ. ದನಿ ದಪ್ಪಗಾಗಲಿ ಎಂದು ಅಂಗಳದ ಖಾಲಿ ಹಗೇವಿಗೆ, ಅಂದರೆ ಹಿರಿಯರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿಗೆ, ಸ್ಪೀಕರ್ ಇಳಿಸಿದ. ಅಮಾವಾಸ್ಯೆಯ ದಿನ ಭೂಮಿಯೊಳಗಿಂದ ‘ಗುಂಯ್’ ಎಂದರೆ ಓಣಿ ಸುಮ್ಮನಿದ್ದೀತೇ? ಪಕ್ಕದ ಮನೆಯ ಮುದುಕಿ ನಿಂಬೆಹಣ್ಣು ಹಿಡಿದುಕೊಂಡೇ ಬಂದಳು.

“ಮಾಸ್ತರ, ಒಳಗ ಯಾರನ್ನ ಹುಗದೀರಿ?”

“ನನ್ನ ನೆಮ್ಮದೀನ ಹುಗದೇನಿ, ಆಯಿ” ಎಂದೆ.

ಆದರೆ ಬರೀ ಗುಂಯ್ ಎಂದರೆ ಸ್ವರಗಳು ಕಲಸಿಹೋಗುತ್ತವಂತೆ. ಅದಕ್ಕೇ ಸ್ಪೀಕರಿಗೆ ಕಂಬಳಿ ಹೊದಿಸಿ ಒಮ್ಮೆ, ಬಯಲಲ್ಲಿಟ್ಟು ಒಮ್ಮೆ ಅದೇ ಜೋಗುಳ ಬಾರಿಸಿ, ಮೂರೂ ದನಿಗಳನ್ನು ಕಂಪ್ಯೂಟರಿನಲ್ಲಿ ಬೆರೆಸತೊಡಗಿದ. ‘ಹಗೇವು ಆರು ಪಾಲು, ಕಂಬಳಿ ಮೂರು, ಬಯಲು ಒಂದು’ ಎಂದು ಕಬ್ಬಿನ ರಸದ ನಮೂನೆಯಂತೆ ಚೀಟಿ ಬರೆದ. ಪ್ರತಿ ನಮೂನೆಗೂ ಎದುರು ಕುಳಿತ ಅಕ್ಕನ ತೀರ್ಪು ಒಂದೇ: “ಭಾಳ ಛಲೋ ಐತಿ!”

ಹನ್ನೊಂದನೆಯದನ್ನೂ ಹೊಗಳಿದಳು. ಆಗ ನೋಡುತ್ತೇನೆ, ಸ್ಪೀಕರಿನ ವೈರು ಕಿತ್ತು ನೆಲದ ಮೇಲೆ ಬಿದ್ದಿದೆ!

“ಅಕ್ಕಾ, ದನೀನ ಇಲ್ಲ, ಹ್ಯಾಂಗ ಛಲೋ ಅಂದಿ?”

ಮಗ್ಗದ ಸದ್ದಿನಲ್ಲಿ ದುಡಿದವರು ಮುಖ ನೋಡಿಯೇ ಮಾತು ತಿಳಿಯುತ್ತಾರೆ. ಇದನ್ನೂ ತಿಳಿದಳು. “ನಿನ್ನ ಮಾರಿ ಖುಷಿ ಇತ್ತಲ್ಲೋ, ಅದನ್ನ ನೋಡಿ ಅಂದೆ” ಎಂದಳು.

ಆ ದಿನ ಅವನು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಮೊದಲ ಚೀಟಿಯಿಂದ ಮತ್ತೆ ಶುರು ಮಾಡಿದ. ಒಂದು, ಎರಡು, ಐದು, ಹತ್ತು. ಅವಳ ಬೆನ್ನು ಅಲುಗಲಿಲ್ಲ. ಎಂಟು ಗಂಟೆ ದಾಟಿತು. ತಿಂಡಿ ಕೇಳಲು ನನಗೂ ಬಾಯಿ ಬರಲಿಲ್ಲ. ಹದಿನಾಲ್ಕನೆಯದಕ್ಕೆ ಹಗೇವಿನ ಪಾಲು ತುಸು ಇಳಿಸಿ, ಕಂಬಳಿಯದು ಏರಿಸಿದ.

ಗೋಡೆ ನೋಡುತ್ತಲೇ ಅವಳು ಬೈದಳು: “ಲೇ ತಮ್ಮಾ, ಏನ ಗಡಬಡಿಯೋ ನಿಂದು? ಇಷ್ಟ ಜೋರ ತೂಗಿದ್ರ ಕೂಸು ಮಲಗತೈತೇನು?”

“ಸಾವಕಾಶ ಬಾರಸತೇನಿ ಅಕ್ಕಾ, ಸಾವಕಾಶ ಬಾರಸತೇನಿ” ಎಂದು ಅವನು ಆ ಬೆನ್ನಿಗೇ ಹೇಳುತ್ತಿದ್ದ. ತನ್ನ ಮಾತು ಅವಳಿಗೆ ಕೇಳಿಸದು ಎಂಬುದನ್ನೇ ಮರೆತಿದ್ದ. ನಾನು ಎದ್ದು, ಹೆಂಡತಿಯ ಭುಜ ಹಿಡಿದು ಅವನತ್ತ ತಿರುಗಿಸಿದೆ.

ಅವಳು ಅವನ ಒದ್ದೆ ಮುಖವನ್ನು ತುಸು ಹೊತ್ತು ನೋಡಿದಳು.

“ಅಳಾಕತ್ತಿ ಯಾಕೋ? ನಿದ್ದಿ ಬಂತೇನು?”